ದೀಪದ ಪಕ್ಕ ಮರಳಿನ ಬಕೀಟು

ಬಾಡಿಗೆ ಮನೆಗೆ ಬಂದ ದಿನ ಹಾಲು ಉಕ್ಕಿಸುವುದು ಎಲ್ಲರೂ ಮಾಡುವುದೇ. ಆದರೆ ಮನೆ ಓನರ್ರೇ ಬಂದು ಸಿಲಿಂಡರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ರೆಗ್ಯುಲೇಟರಿನ ಮೇಲೆ ಕೈ ಇಟ್ಟುಕೊಂಡು, ಪಾತ್ರೆಯನ್ನೇ ದಿಟ್ಟಿಸುತ್ತಿದ್ದ ಹಾಲುಕ್ಕಿಸುವ ಶಾಸ್ತ್ರ ಹಾಸನದಲ್ಲಿ ನಮ್ಮದೊಂದೇ ಇರಬೇಕು.

"ಉಕ್ತಾ?"

"ಇನ್ನೂ ಇಲ್ಲ ಗೌಡ್ರೇ."

"ಉಕ್ಕೋ ಮುಂಚೆ ಯೋಳ್ಬೇಕು ಕಣಮ್ಮ, ಉಕ್ಕಿದ್ ಮೇಲಲ್ಲ. ಉಕ್ಕಿದ ಆಲು ಉರೀನ ಆರಿಸ್ಬುಡ್ತದೆ. ಗ್ಯಾಸು ಮಾತ್ರ ಬತ್ತಾನೇ ಇರ್ತದೆ. ನೀವು ಪಾಯಸ ಕುಡೀತಾ ಕುಂತಿರ್ತೀರಿ."

ಹಾಲು ಮೂಡಲ ದಿಕ್ಕಿಗೆ ಚೆಲ್ಲಿದರೆ ಒಳ್ಳೆಯದು ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಅದನ್ನು ಮೆಲ್ಲಗೆ ಅಂದೆ.

"ಮೂಡ್ಲಾಗಾದ್ರೂ ಉಕ್ಲಿ, ಪಡುವ್ಲಾಗಾದ್ರೂ ಉಕ್ಲಿ. ಬರ್ನರ್ ಮ್ಯಾಲೆ ಉಕ್ಬಾರ್ದು."

ಹಾಲು ಅಂಚಿಗೆ ಬಂದಿತ್ತೋ ಇಲ್ಲವೋ, "ಬಂದ್!" ಎಂದು ಕೂಗಿ ರೆಗ್ಯುಲೇಟರ್ ತಿರುಗಿಸಿಯೇಬಿಟ್ಟರು. ಉಬ್ಬಿ ಬಂದ ಹಾಲು ಪೆಚ್ಚಾಗಿ ಕೆಳಗಿಳಿಯಿತು. ಮೂರೇ ಮೂರು ಹನಿ ಆಚೆ ಬಿದ್ದವು. ನಮ್ಮವರು ನನ್ನ ಮುಖ ನೋಡಿದರು, ನಾನು ಹನಿ ನೋಡಿದೆ. ಮೂರೂ ಮೂಡಲಿಗೇ ಬಿದ್ದಿದ್ದವು. ಅಷ್ಟು ಸಾಕು ಅಂದುಕೊಂಡೆ. ದೇವರು ಕೊಡುವಾಗ ಹನಿ ಲೆಕ್ಕದಲ್ಲೇ ಕೊಟ್ಟರೂ ದಿಕ್ಕು ತಪ್ಪಿಸುವುದಿಲ್ಲ.

ಬೂವನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಅವರದು ಮೂರು ಅಂತಸ್ತಿನ ಕಟ್ಟಡ. ಕೆಳಗೆ ಅವರೊಬ್ಬರೇ, ನಡುವೆ ಅರಕಲಗೂಡಿನ ಟೀಚರಮ್ಮ, ಮೇಲೆ ನಾವು. ಹೆಂಡತಿ ತೀರಿಹೋಗಿ ಆಗಲೇ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಹೊಳೆನರಸೀಪುರಕ್ಕೆ ಕೊಟ್ಟಿದ್ದರು. ಅವರ ಊರು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ತೆಂಗಿನ ತೋಟದ ಮುಕ್ಕಾಲು ಪಾಲು ಮಾರಿ ಇಲ್ಲಿಗೆ ಬಂದು ಕಟ್ಟಡ ಕಟ್ಟಿಸಿದವರು. ಬೇರೆ ಓನರ್ರು ಜಾತಿ ಕೇಳುತ್ತಾರೆ, ಮಾಂಸ ಮಾಡುತ್ತೀರಾ ಎಂದು ಕೇಳುತ್ತಾರೆ. ಇವರು ನನ್ನನ್ನು ಕೇಳಿದ್ದು ಒಂದೇ ಮಾತು: "ಮರೆವು ಅದೆಯಾ?"

ನಾನು ಇಲ್ಲ ಅಂದೆ. ಹಿಂದೆಯೇ, "ಬರೋವಾಗ ಹಳೇ ಮನೆ ಗ್ಯಾಸು ಬಂದ್ ಮಾಡಿದ್ಯಾ?" ಅಂದರು. ನೆನಪಿಲ್ಲ ಎಂದು ಒಪ್ಪಿಕೊಂಡೆ. ಆದರೂ ಮನೆ ಕೊಟ್ಟರು. ನಿಜ ಹೇಳಿದಳು ಎಂದು ಕೊಟ್ಟರಂತೆ. ಆಮೇಲೆ ನಮ್ಮವರಿಗೆ ಹೇಳಿದ್ದು.

ಆಳು ಸಣ್ಣಗೆ, ಬಗ್ಗಿದ ಬೆನ್ನು, ಮೂಗು ಮಾತ್ರ ಉದ್ದ. ದಿನಾ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮೆಟ್ಟಿಲು ಹತ್ತಿ ಬರುತ್ತಿದ್ದರು. ಬಾಗಿಲು ಬಡಿಯುತ್ತಿರಲಿಲ್ಲ, ಆಚೆ ನಿಂತು ಮೂಸುತ್ತಿದ್ದರು. ಒಗ್ಗರಣೆ ಸೀದಿದ್ದು, ಇಸ್ತ್ರಿ ಪೆಟ್ಟಿಗೆ ಕಾದಿದ್ದು, ಸ್ವಿಚ್ಚು ಬೋರ್ಡು ಬೆಚ್ಚಗಾದದ್ದು, ಎಲ್ಲ ಅವರಿಗೆ ಮೂಗಿನಲ್ಲೇ ತಿಳಿಯುತ್ತಿತ್ತು. ಒಂದು ದಿನ ಟೀಚರಮ್ಮ ಒಂದೇ ಬೋರ್ಡಿಗೆ ಮಿಕ್ಸಿ, ಇಸ್ತ್ರಿ, ಮೊಬೈಲು ಮೂರನ್ನೂ ಸಿಕ್ಕಿಸಿದ್ದರು. ಇವರು ಮೆಟ್ಟಿಲ ಮೇಲಿನಿಂದಲೇ, "ಟೀಚರಮ್ಮಾ, ಒಂದು ಎತ್ತಿಗೆ ಮೂರು ಗಾಡಿ ಕಟ್ಬುಟ್ಟಿದ್ದೀಯಲ್ಲವ್ವಾ!" ಎಂದು ಕೂಗಿದರು. ಟೀಚರಮ್ಮ ನಲವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸುವವರು. ಅವತ್ತು ಅವರೇ ಮಗುವಿನ ಹಾಗೆ ಎದ್ದು ಇಸ್ತ್ರಿ ಕಿತ್ತರು.

ಮೆಟ್ಟಿಲಲ್ಲಿ ಏನೂ ಇಡುವಂತಿಲ್ಲ. ನಾವು ಚಪ್ಪಲಿ ಸ್ಟ್ಯಾಂಡ್ ಇಟ್ಟಿದ್ದೆವು. ಅದನ್ನು ನೋಡಿ, "ಬೂವನಳ್ಳಿಗೆ ವಿಮಾನ ಬತ್ತದಂತೆ. ಅದ್ರೊಳಗೂ ಓಡೋಗಾಕೆ ಅಂತ ಒಂದು ಬಾಗ್ಲು ಮಡಗಿರ್ತಾರೆ. ನಿಂಗಿರೋದೊಂದೇ ಬಾಗ್ಲು, ಅದಕ್ಕೆ ಚಪ್ಲಿ ಕಾವ್ಲಾ?" ಅಂದರು. ಸ್ಟ್ಯಾಂಡ್ ಒಳಗೆ ಬಂತು.

ಮೆಟ್ಟಿಲಲ್ಲಿ ಇರಬಹುದಾದದ್ದು ಒಂದೇ. ಪ್ರತಿ ಅಂತಸ್ತಿಗೂ ಒಂದು ಕೆಂಪು ಬಕೀಟು, ತುಂಬಾ ಜರಡಿ ಹಿಡಿದ ಮರಳು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡ, ಮುಚ್ಚಳ ಮುಚ್ಚು, ಇಲ್ಲದಿದ್ದರೆ ಮರಳು ಹಾಕು, ಅದೂ ಆಗದಿದ್ದರೆ ಬಾಗಿಲೆಳೆದುಕೊಂಡು ಓಡು ಎಂದು ಪಾಠ. ಇದನ್ನು ನನ್ನ ಬಾಯಲ್ಲಿ ವಾರಕ್ಕೊಂದು ಸಲ ಹೇಳಿಸುತ್ತಿದ್ದರು. ವಿಷ್ಣು ಸಹಸ್ರನಾಮದಲ್ಲಿ ನನಗೆ ಈಗಲೂ ಎರಡು ಕಡೆ ತಡವರಿಸುತ್ತದೆ, ಇದು ತಡವರಿಸುವುದಿಲ್ಲ.

ಮೊದಲನೇ ವರ್ಷದ ಗೌರಿ ಹಬ್ಬಕ್ಕೆ ನನಗೆ ಮರಳ ಗೌರಿ ಮಾಡಬೇಕಿತ್ತು. ನಮ್ಮತ್ತೆ ಹೊಳೆಯಿಂದ ಮರಳು ತಂದು ಮಾಡುತ್ತಿದ್ದರು. ಈಗ ಹಾಸನದಲ್ಲಿ ಶುದ್ಧವಾದ ಮರಳು ಎಲ್ಲಿ ಹುಡುಕುವುದು? ಸಿಕ್ಕಿದ್ದೆಲ್ಲ ಜಲ್ಲಿ ಪುಡಿ. ಬಾಗಿಲು ತೆಗೆದರೆ ಎದುರಿಗೇ ಬಕೀಟು, ಜರಡಿ ಹಿಡಿದ ಮರಳು. ಗೌರಮ್ಮನೇ ಕಳಿಸಿದಳು ಎಂದು ತೊಳೆದು, ಅರಿಶಿನ ಸೇರಿಸಿ, ಚೆಂದದ ಗೌರಿ ಮಾಡಿ ಮಣೆಯ ಮೇಲೆ ಕೂರಿಸಿದೆ. ಸಂಜೆ ಆಚೆಯಿಂದ ಕೂಗು.

"ನನ್ನ ಮರಳೆಲ್ಲಮ್ಮಾ?"

"ಗೌರಿ ಆಗವಳೆ ಗೌಡ್ರೇ," ಎಂದರು ನಮ್ಮವರು. ಅವರಿಗೆ ತಮಾಷೆ.

ಒಳಗೆ ಬಂದು ನೋಡಿದರು. ಮೂಗುಬೊಟ್ಟು, ಹಸಿರು ಬಳೆ, ಬಾಗಿನದ ಮೊರ ಎಲ್ಲ ನೋಡಿದರು. ದೇವಿಗೆ ಬೈಯುವ ಹಾಗಿಲ್ಲ. ತಲೆ ಕೆರೆದುಕೊಂಡು, "ಈಗ ಬೆಂಕಿ ಬಿದ್ರೆ ಗೌರಮ್ಮನ್ನೇ ಎತ್ತಿ ಎಸೀಬೇಕಾ?" ಅಂದರು. ಕೊನೆಗೆ ಒಪ್ಪಂದವಾಯಿತು. ಗೌರಿಯನ್ನು ಮನೆಯಲ್ಲೇ ಪಾತ್ರೆಯ ನೀರಲ್ಲಿ ಬಿಡುವುದು, ನೀರು ಬಸಿದು, ಮರಳು ಒಣಗಿಸಿ ಬಕೀಟಿಗೆ ವಾಪಸ್ಸು ಹಾಕುವುದು. ಹಾಗೇ ಮಾಡಿದೆ. ಅರಿಶಿನ ಬೆರೆತು ಮರಳು ಹಳದಿಯಾಗಿತ್ತು. ಅದನ್ನು ಬೆರಳಲ್ಲಿ ಕೆದಕಿ, "ಇನ್ ಮ್ಯಾಲೆ ಮೂರನೇ ಅಂತಸ್ತಿನ ಬಕೀಟ್ಗೆ ಪವರು ಜಾಸ್ತಿ," ಎಂದು ಇಳಿದುಹೋದರು. ಪ್ರತಿ ವರ್ಷವೂ ಅದೇ ಮರಳು, ಅದೇ ಗೌರಿ.

ಇಷ್ಟೆಲ್ಲ ಸರಿ. ನಮ್ಮಿಬ್ಬರಿಗೂ ಬಿದ್ದ ಜಗಳ ದೀಪದ್ದು.

ನಮ್ಮತ್ತೆ ತೀರಿಕೊಳ್ಳುವ ಮುಂಚೆ ನನ್ನ ಕೈಗೆ ಒಂದು ಹಿತ್ತಾಳೆ ದೀಪ ಕೊಟ್ಟು, ನವರಾತ್ರಿಯ ಒಂಬತ್ತು ದಿನ ಇದು ನಂದದ ಹಾಗೆ ನೋಡಿಕೋ ಅಂದಿದ್ದರು. ಅವರ ಕಾಲದಲ್ಲಿ ಒಂದು ವರ್ಷವೂ ತಪ್ಪಿರಲಿಲ್ಲ. ನನ್ನ ಕಾಲದಲ್ಲಿ ತಪ್ಪಬಾರದು ಎನ್ನುವುದೊಂದೇ ನನಗಿದ್ದ ಆಸೆ. ಚಿನ್ನ ಕೇಳಿದವಳಲ್ಲ, ಸ್ವಂತ ಮನೆ ಕೇಳಿದವಳಲ್ಲ. ಆದರೆ ಓನರ್ರ ಕಟ್ಟಡದಲ್ಲಿ ಒಂದು ಕಟ್ಟಳೆ ಎಲ್ಲಕ್ಕಿಂತ ಮೇಲಿತ್ತು: ಆಳಿಲ್ಲದ ಮನೇಲಿ ದೀಪ ಇರಬಾರದು. ಮೀರಿದರೆ ಮನೆ ಖಾಲಿ ಮಾಡಬೇಕು. ಬಾಡಿಗೆ ಎರಡು ದಿನ ತಡವಾದರೆ ಕೇಳುತ್ತಿರಲಿಲ್ಲ. ಇದರಲ್ಲಿ ಮಾತ್ರ ಕಲ್ಲು.

ಬಾಡಿಗೆ ಮನೆಯಲ್ಲಿ ದೇವರಿಗೆ ಬೇರೆ ಕೋಣೆ ಎಲ್ಲಿಂದ ಬರಬೇಕು? ಅಡಿಗೆಮನೆಯ ಒಂದು ಕಲ್ಲಿನ ಗೂಡೇ ನಮ್ಮ ವೈಕುಂಠ. ಅದರ ಕೆಳಗೇ ಸಿಲಿಂಡರು. ಇದನ್ನು ಮೊದಲ ದಿನವೇ ನೋಡಿ, "ಮ್ಯಾಲೆ ದೀಪ, ಕೆಳಗೆ ಗ್ಯಾಸು! ದೇವ್ರಿಗೂ ಕುಂತಲ್ಲೇ ಬೆವರು ಬತ್ತದೆ ಕಣಮ್ಮ," ಎಂದು ಸಿಲಿಂಡರನ್ನು ಎದುರು ಮೂಲೆಗೆ ಸರಿಸಿ, ಹೊಸ ರಬ್ಬರ್ ಪೈಪು ಹಾಕಿಸಿ, ಸೋಪಿನ ನೀರು ಬಳಿದು ಗುಳ್ಳೆ ಬರುತ್ತದೆಯೇ ಎಂದು ನೋಡಿಸಿಯೇ ಹೋಗಿದ್ದರು. ಅವತ್ತು ನನಗೆ ಸಿಟ್ಟು ಬಂದಿತ್ತು. ಈಗ ನೆನೆಸಿಕೊಂಡರೆ ಕೈ ಮುಗಿಯಬೇಕು ಅನಿಸುತ್ತದೆ.

ಆ ಮೊದಲ ವರ್ಷ ನವರಾತ್ರಿಯ ನಾಲ್ಕನೇ ದಿನ ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೆ ಕೆಳಗಿನಿಂದ ತಟ್ಟೆ ಬಡಿದ ಸದ್ದು, "ಬೆಂಕೀ! ಬೆಂಕೀ!" ಅದು ಅವರ ಪರೀಕ್ಷೆ. ಮೂರು ತಿಂಗಳಿಗೊಂದು ಸಲ ಹೇಳದೆ ಕೇಳದೆ ಮಾಡುತ್ತಿದ್ದರು. ಎಲ್ಲರೂ ಗ್ಯಾಸು ಬಂದ್ ಮಾಡಿ, ಏನೂ ಎತ್ತಿಕೊಳ್ಳದೆ, ಅಂಗಳಕ್ಕೆ ಬರಬೇಕು. ಟೀಚರಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡ ಹಾಗೇ ಬಂದರು, ಕಂಕುಳಲ್ಲಿ ಏಳನೇ ಕ್ಲಾಸಿನ ಉತ್ತರ ಪತ್ರಿಕೆ. ನಮ್ಮವರು ಮುಖಕ್ಕೆಲ್ಲ ಸೋಪು, ಹೆಗಲ ಮೇಲೆ ಒದ್ದೆ ಟವೆಲ್. ನಾನು ಕೊನೆಯವಳು. ಮೆಲ್ಲಗೆ ಇಳಿಯಬೇಕಿತ್ತು, ಗಾಳಿಗೆ ಆರದ ಹಾಗೆ ಸೆರಗು ಅಡ್ಡ ಹಿಡಿದುಕೊಂಡಿದ್ದೆ.

ಓನರ್ರು ಬಾಯಿ ತೆರೆದುಕೊಂಡು ನಿಂತರು.

"ಅಲ್ಲಾ ಕಣಮ್ಮ! ಬೆಂಕಿ ಅಂತ ಓಡ್ಬಂದವಳು ಬೆಂಕೀನೇ ಎತ್ಕೊಂಡ್ ಬಂದಿದ್ದೀಯಲ್ಲಾ!"

ನನ್ನ ಕೈಯಲ್ಲಿ ಅತ್ತೆಯ ದೀಪ ಚೆನ್ನಾಗಿ ಉರಿಯುತ್ತಿತ್ತು. "ನಂದಬಾರದು ಗೌಡ್ರೇ, ಒಂಬತ್ತು ದಿನ," ಅಂದೆ. ಟೀಚರಮ್ಮ ಉತ್ತರ ಪತ್ರಿಕೆ ಮುಖಕ್ಕೆ ಹಿಡಿದು ನಕ್ಕರು. ಇವರು ನಗಲಿಲ್ಲ.

"ಸೆರಗು ಬ್ಯಾರೆ ಅಡ್ಡ ಇಡ್ಕಂಡವಳೆ. ಸರಿ. ಮನೇಲಿ ಆಳಿರೋವಾಗ ಉರೀಲಿ. ಬೀಗ ಆಕಿದ್ರೆ ಉರೀಬಾರ್ದು. ಮಾತು ಕೊಡು."

ಕೊಟ್ಟೆ. ದೀಪ ಕೈಯಲ್ಲಿ ಹಿಡಿದು ಕೊಟ್ಟ ಮಾತು ಅದು.

ಎಂಟನೇ ದಿನ ಹೊಳೆನರಸೀಪುರದಲ್ಲಿ ನಮ್ಮ ನಾದಿನಿಯ ಮಗಳ ಸೀಮಂತ. ನಾನು ಹೋಗದೆ ಇರುವ ಹಾಗಿಲ್ಲ, ನಮ್ಮವರಿಗೆ ಆಫೀಸು. ಟೀಚರಮ್ಮ ಅರಕಲಗೂಡಿಗೆ ಹೋಗಿದ್ದರು. ಕೆಳಗೆ ಹೋಗಿ ಓನರ್ರಿಗೆ ಹೇಳಿದರೆ ದೀಪ ಶಾಂತ ಮಾಡು ಅನ್ನುತ್ತಾರೆ. ದೇವಿಯ ಮುಂದೆ ನಿಂತು, "ತಾಯಿ, ನಿನ್ನ ದೀಪ ನೀನೇ ಕಾಯಿ. ಎರಡು ಗಂಟೆಗೆ ಬಂದುಬಿಡುತ್ತೇನೆ," ಎಂದು ಎಣ್ಣೆ ತುಂಬಾ ಹೊಯ್ದು, ದಪ್ಪ ಬತ್ತಿ ಹಾಕಿ, ಬೀಗ ಜಡಿದು ಬಸ್ಸು ಹತ್ತಿದೆ. ದೇವರಿಗೆ ಕೆಲಸ ಹೇಳಿ ನಾನು ಊಟಕ್ಕೆ ಹೋದದ್ದು.

ವಾಪಸ್ಸು ಬಂದು ನೋಡಿದರೆ ದೀಪ ನಂದಿತ್ತು. ಎಣ್ಣೆ ಅರ್ಧ ಹಾಗೇ ಇತ್ತು. ಬತ್ತಿಯೇ ಇಲ್ಲ! ಅತ್ತೆಯ ಅಷ್ಟು ವರ್ಷದ ದೀಪ ನನ್ನ ಕೈಯಲ್ಲಿ ನಿಂತುಹೋಯಿತಲ್ಲ ಎಂದು ಅಲ್ಲೇ ಕೂತು ಅಳತೊಡಗಿದೆ. ಅತ್ತು ಮುಗಿಯುವ ಮುಂಚೆಯೇ, ಮನುಷ್ಯರ ಬುದ್ಧಿ ನೋಡಿ, ಹೊಸ ಬತ್ತಿ ಹೊಸೆಯತೊಡಗಿದ್ದೆ. ಯಾರಿಗೂ ಹೇಳುವುದು ಬೇಡ, ಹಚ್ಚಿಬಿಡೋಣ ಎಂದು.

ಆಗಲೇ ಬಾಗಿಲ ಆಚೆ ಮೂಸುವ ಸದ್ದು.

"ಸುಟ್ಟ ಬಟ್ಟೆ ವಾಸ್ನೆ ಬತ್ತಾ ಅದೆ ಕಣಮ್ಮ."

"ಇಲ್ಲ ಗೌಡ್ರೇ, ಊದಿನಕಡ್ಡಿ."

"ಊದ್ಕಡ್ಡಿ ಯಾವ್ದು, ರವಿಕೆ ಯಾವ್ದು ಅಂತ ನಂಗೆ ಗೊತ್ತಾಗಲ್ವಾ?"

ಒಳಗೆ ಬಂದವರೇ ದೀಪವನ್ನು ನೋಡಲಿಲ್ಲ, ಗೂಡಿನ ಕಲ್ಲು ನೋಡಿದರು. ಅದರ ಮೇಲೆ ಎಣ್ಣೆಯ ಹನಿ, ಹನಿಯ ಸಾಲು. ಸಾಲು ಗೋಡೆಯಂಚಿಗೆ ಇಳಿದು, ಅಕ್ಕಿ ಡಬ್ಬದ ಹಿಂದೆ ಹಾದು, ಮೂಲೆಯ ಚೀಲಕ್ಕೆ ಹೋಗಿತ್ತು. ಅದು ನನ್ನ ರವಿಕೆ ಕಣದ ಚೀಲ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ಬಟ್ಟೆ, ನಾನೂ ಮುಂದೆ ಯಾರಿಗೋ ಕೊಡಬೇಕಾದದ್ದು. ಹಾಸನ ಜಿಲ್ಲೆಯ ಅರ್ಧ ಹೆಂಗಸರ ಕೈ ದಾಟಿ ಬಂದ ರವಿಕೆ ಕಣ ಅದರಲ್ಲಿತ್ತು. ಚೀಲದ ಬುಡದಲ್ಲಿ ಇಲಿ ಕಡಿದ ತೂತು. ಒಳಗೆ ಕೈ ಹಾಕಿ ಎಳೆದರು. ಕಪ್ಪಗಾದ ನನ್ನ ಬತ್ತಿ, ಅದರ ಸುತ್ತ ಕಣಗಳಲ್ಲಿ ಅಂಗೈಯಗಲ ಸುಟ್ಟ ತೂತು. ಹಸಿರು, ಕೆಂಪು, ಹಳದಿ, ಏಳು ಪದರ ದಾಟಿತ್ತು. ಚೀಲದಿಂದ ಸಿಲಿಂಡರಿಗೆ ಮೂರು ಮೊಳ. ಸಿಲಿಂಡರು ಮೊದಲಿನ ಜಾಗದಲ್ಲೇ ಇದ್ದಿದ್ದರೆ ಒಂದು ಗೇಣು.

"ಇಲಿ ಎಳ್ಕೊಂಡೋಗ್ಯದೆ," ಎಂದರು. ದನಿ ಸಣ್ಣಗಿತ್ತು. "ಎಣ್ಣೆ ಬತ್ತಿ ಅಂದ್ರೆ ಅದ್ಕೆ ಚಕ್ಲಿ ಇದ್ದಂಗೆ."

"ಇಲಿ ಗಣಪತಿಯ ವಾಹನ," ಅಂದೆ.

"ವಾಹನಕ್ಕೆ ಬ್ರೇಕ್ ಇಲ್ಲ ಕಣಮ್ಮ."

ಆದರೆ ಬೆಂಕಿ ಏಳು ಪದರಕ್ಕೆ ಯಾಕೆ ನಿಂತಿತು? ಎಂಟನೆಯದಾಗಿ ಕೈಗೆ ಬಂದದ್ದು ನಮ್ಮವರ ಟವೆಲ್. ಆ ಬೆಳಿಗ್ಗೆ ಸ್ನಾನ ಮಾಡಿ, ಎಂದಿನ ಹಾಗೆ ಒದ್ದೆ ಟವೆಲನ್ನು ಕಂಡ ಕಡೆ ತುರುಕಿ ಹೋಗಿದ್ದರು, ಅವತ್ತು ನನ್ನ ಕಣದ ಚೀಲಕ್ಕೆ. ಹದಿನಾರು ವರ್ಷದಿಂದ ಈ ಟವೆಲಿನ ವಿಷಯಕ್ಕೆ ನಾನು ಬೈಯದ ದಿನವಿರಲಿಲ್ಲ. ಆವತ್ತಿನಿಂದ ಒಂದು ಮಾತು ಆಡಿಲ್ಲ. ಅವರು ಇದನ್ನು ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಎಲ್ಲ ನೆಂಟರಿಗೂ ಹೇಳಿದ್ದಾರೆ, ಮುಂದಾಲೋಚನೆ ಮಾಡಿ ಇಟ್ಟವರ ಹಾಗೆ.

ನಾನು ಕೈ ಮುಗಿದು, "ಮಾತು ತಪ್ಪಿದೆ ಗೌಡ್ರೇ. ಹಬ್ಬ ಮುಗಿದ ಮೇಲೆ ಮನೆ ಖಾಲಿ ಮಾಡುತ್ತೇವೆ," ಅಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸುಟ್ಟ ಬತ್ತಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೆಲದ ಮೇಲೇ ಕೂತರು.

"ನಮ್ಮೂರ ಮನೆ ಅಟ್ಟದ ತುಂಬಾ ಕೊಬ್ರಿ ಇತ್ತು ಕಣಮ್ಮ. ಒಂದು ವರ್ಸದ್ದು, ಸಿಪ್ಪೆ ಸಮೇತ ಒಣಗ್ತಿತ್ತು. ಮದ್ವೆ ಆದ ವರ್ಸ. ಸಂಜೆ ದೀಪ ಅಚ್ಚಿ, ಇಬ್ರೂ ಬೆಳಗೊಳಕ್ಕೆ ನೆಂಟ್ರ ಮನೇಗೋಗಿದ್ವಿ. ಇಂಗೇ ಒಂದು ಇಲಿ. ಬರೋ ಒತ್ತಿಗೆ ದನಾನ ಮಾತ್ರ ಆಚೆ ಎಳ್ದಿದ್ರು ಊರೋರು. ಮನೆ ಇರ್ಲಿಲ್ಲ."

ನಾನು ಅವರ ಎದುರಿಗೆ ಕೂತೆ.

"ಕೊಬ್ರಿ ಓದ್ರೆ ಓಗ್ಲಿ, ಮರ ಮತ್ತೆ ಕೊಡ್ತದೆ. ಆಮ್ಯಾಕೆ ಅವಳಿಗೆ ದೀಪ ಅಚ್ಚಾಕೆ ಬುಡ್ಲಿಲ್ಲ ನಾನು. ಸಾಯೋಗಂಟ ಬುಡ್ಲಿಲ್ಲ. 'ನಾನು ಪಕ್ಕದಾಗೇ ಕುಂತಿರ್ತೀನಿ, ಒಂದೀಟು ಅಚ್ಲಾ' ಅಂತ ಕೇಳೋಳು. ಬ್ಯಾಡ ಅಂತಿದ್ದೆ." ಬತ್ತಿಯನ್ನು ತಿರುಗಿಸಿ ನೋಡಿದರು. "ನಾನೂ ಕುಂತ್ಕಬೋದಿತ್ತು."

ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಇವರು ಮೊಣಕಾಲು ಹಿಡಿದು ಎದ್ದರು.

"ನಾಳೆ ಒಂದಿನ ಉಳ್ದದಲ್ಲ? ಅಚ್ಚು. ನೀನು ಆಚೆ ಓದಾಗ ನಾನ್ ಕುಂತ್ಕತೀನಿ."

"ಆದರೆ ನಂದಿಹೋಯಿತಲ್ಲ ಗೌಡ್ರೇ. ಅಖಂಡ ಇರಬೇಕಿತ್ತು."

"ಎಲ್ಲಿ ನಂದ್ತು? ಜಾಗ ಬದ್ಲಾಯ್ಸಿ ಉರೀತಾ ಇತ್ತು. ಏಳು ರವ್ಕೆ ಸುಟ್ಟದೆ, ಸಾಲ್ದಾ ನಿಂಗೆ?"

ಯಾವ ಶಾಸ್ತ್ರಿಗಳೂ ನನಗೆ ಅಷ್ಟು ಸಮಾಧಾನ ಹೇಳಿಲ್ಲ. ಹಚ್ಚಿದೆ.

ಆಮೇಲಿನ ನಾಲ್ಕು ನವರಾತ್ರಿ ನಾನು ಎಲ್ಲಿಗಾದರೂ ಹೋದರೆ ಓನರ್ರೇ ಬಂದು ದೀಪದ ಪಕ್ಕ ಕೂರುತ್ತಿದ್ದರು. ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಪೇಪರು, ಇಲಿಗೆ ಒಂದು ಕೋಲು, ಬಲಗೈಗೆ ಸಿಗುವ ಹಾಗೆ ಅರಿಶಿನದ ಮರಳಿನ ಬಕೀಟು. ಒಂದು ದಿನವೂ ದೇವರಿಗೆ ಕೈ ಮುಗಿದದ್ದನ್ನು ನಾನು ನೋಡಲಿಲ್ಲ. ಕೇಳಿದರೆ, "ನಾನು ದೀಪ ಕಾಯಾಕೆ ಬಂದಿರೋದು. ದೇವ್ರು ಅವನ್ ಪಾಡಿಗೆ ಅವನಿರ್ಲಿ," ಅನ್ನುವರು. ಒಮ್ಮೆ ನಾನು ಬಂದಾಗ ಕಣ್ಣು ಮುಚ್ಚಿದ್ದವು. "ನಿದ್ದೆ ಮಾಡಿದ್ರಾ?" ಅಂದೆ. "ಮೂಗು ಎದ್ದಿತ್ತು," ಅಂದರು. ಆದರೆ ಬತ್ತಿ ಯಾವಾಗಲೂ ಸರಿಯಾಗಿ ಮುಂದೆ ಸರಿಸಿರುತ್ತಿತ್ತು, ಎಣ್ಣೆ ತುಂಬಿರುತ್ತಿತ್ತು. ಕೈಯಲ್ಲಿ ಎಣ್ಣೆ ಅಂಟಿರುತ್ತಿತ್ತು. ಅದನ್ನು ಪಂಚೆಗೆ ಒರೆಸಿಕೊಂಡು, ಏನೂ ಮಾಡದವರ ಹಾಗೆ ಇಳಿದುಹೋಗುವರು.

ಈ ವರ್ಷ ಶಿವರಾತ್ರಿ ಕಳೆದ ಮರುವಾರ, ಬೆಳಿಗ್ಗೆ ಮೂಸುವ ಸದ್ದು ಬರಲಿಲ್ಲ. ಟೀಚರಮ್ಮನಿಗೂ ಬಂದಿರಲಿಲ್ಲ. ಇಬ್ಬರೂ ಇಳಿದು ಹೋಗಿ ನೋಡಿದೆವು. ಮಲಗಿದ್ದವರು ಮಲಗಿದ ಹಾಗೇ ಹೋಗಿದ್ದರು. ಯಾರಿಗೂ ತೊಂದರೆ ಕೊಡದ ಸಾವು. ಅದೂ ಎಲ್ಲರಿಗೂ ಸಿಗುವುದಲ್ಲ.

ಮಗಳು ಬಂದಳು, ನೆಂಟರು ಬಂದರು. ಮಣ್ಣು ಮಾಡಿ ಬಂದ ಮೇಲೆ ಅವರ ತಲೆ ಇದ್ದ ಜಾಗದಲ್ಲಿ ಒಂದು ದೀಪ ಹಚ್ಚಿಟ್ಟರು. ಅದೂ ನಂದಬಾರದ ದೀಪವೇ. ಮೂರನೇ ದಿನ ಸಮಾಧಿಗೆ ಹಾಲು ತುಪ್ಪ ಬಿಡಲು ಎಲ್ಲರೂ ಚನ್ನರಾಯಪಟ್ಟಣದ ಕಡೆ ತೋಟಕ್ಕೆ ಹೊರಟರು. ವ್ಯಾನು ಬಾಗಿಲಲ್ಲಿ ನಿಂತಿತ್ತು. ಮಗಳ ಕೈಯಲ್ಲಿ ಬೀಗ. ಒಳಗೆ ದೀಪ.

ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ನನ್ನ ಮನೆಯಲ್ಲಿ ಮಡಿ, ಪೂಜೆ. ಸೂತಕದ ಮನೆಯಲ್ಲಿ ಹೋಗಿ ಕೂರುವವಳಲ್ಲ ನಾನು. ಆದರೂ ಬಾಯಿ ತಾನಾಗೇ ಅಂದಿತು: "ಬೀಗ ಹಾಕಬೇಡವ್ವಾ. ನೀವು ಹೋಗಿ ಬನ್ನಿ. ನಾನು ಕೂತ್ಕೋತೀನಿ."

"ಅಯ್ಯೋ, ನಿಮಗೆ ಸೂತಕ ಅಲ್ವಾ ಅಕ್ಕಾ? ದೀಪ ತಾನೇ, ಅದರ ಪಾಡಿಗೆ ಉರೀತಿರ್ತದೆ."

"ಸ್ನಾನ ಮಾಡಿದರೆ ಸೂತಕ ಹೋಗುತ್ತೆ. ನಲ್ಲಿಯಲ್ಲಿ ಹೇಮಾವತಿಯೇ ಬರ್ತಾಳೆ."

ವ್ಯಾನು ಹೋಯಿತು. ಮೇಲೆ ಹೋಗಿ ನನ್ನ ಬಕೀಟು ಇಳಿಸಿಕೊಂಡು ಬಂದೆ. ಕೆಳಗಿನದರಲ್ಲೂ ಮರಳಿತ್ತು, ಆದರೆ ಪವರು ಇರುವುದು ನನ್ನದಕ್ಕೇ ಎಂದು ಅವರೇ ಹೇಳಿದ್ದರಲ್ಲ. ಕೂರುವ ಮುಂಚೆ ಅಭ್ಯಾಸಕ್ಕೆ ಅಡಿಗೆಮನೆಗೆ ಹೋಗಿ ನೋಡಿದೆ. ನೆಂಟರು ಕಾಫಿ ಕಾಸಿ ರೆಗ್ಯುಲೇಟರ್ ಹಾಗೇ ಬಿಟ್ಟು ಹೋಗಿದ್ದರು. ಬೇರೆ ಯಾರ ಮನೆಯಲ್ಲೂ ಅಲ್ಲ, ಅವರ ಮನೆಯಲ್ಲೇ!

"ಬಂದ್," ಎಂದು ಗಟ್ಟಿಯಾಗಿಯೇ ಹೇಳಿ ತಿರುಗಿಸಿದೆ.

ಅವರ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ದೀಪದ ಪಕ್ಕ ಕೂತೆ. ಬತ್ತಿ ಮುಂದೆ ಸರಿಸಿದೆ, ಎಣ್ಣೆ ಹಾಕಿದೆ. ಮಧ್ಯಾಹ್ನದ ಹೊತ್ತು, ಕಣ್ಣು ಎಳೆಯುತ್ತಿತ್ತು. ಸಜ್ಜಾದ ಮೇಲೆ ಏನೋ ಪರಪರ ಅಂದಿತು. ಅವರ ಇಲಿ ಕೋಲು ಎತ್ತಿ ನೆಲಕ್ಕೆ ಎರಡು ಸಲ ಕುಟ್ಟಿ, "ಎದ್ದಿದ್ದೀನಿ," ಅಂದೆ.

ಮಗಳು ವಾಪಸ್ಸು ಬಂದಾಗ ನಾಲ್ಕು ಗಂಟೆ. ಬಾಗಿಲಲ್ಲೇ ನಿಂತು ದೀಪ ನೋಡಿದಳು, ಬಕೀಟು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಅಪ್ಪನ ಮೂಗು. "ಅಕ್ಕಾ," ಅಂದಳು, "ಅಮ್ಮ ಇದ್ದಾಗ ನಮ್ಮ ಮನೇಲಿ ದೀಪವೇ ಇರಲಿಲ್ಲ."

"ಗೊತ್ತು ಕಣವ್ವಾ," ಎಂದು ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡು ಎದ್ದೆ. ಕುರ್ಚಿಯನ್ನು ಅವಳ ಕಡೆ ಸರಿಸಿದೆ. "ಈಗ ನೀನು ಕೂತ್ಕೋ. ನಾನು ಸ್ನಾನ ಮಾಡಿ ಬರ್ತೀನಿ."